ತಳ್ಳುವ ಕೈ

ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಗೇ ಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ತನಗೆ ಬಡಗಿ ಕೆಲಸ ಕಲಿಸುವ ಮೇಸ್ತ್ರಿಯ ಕಾರ್ಖಾನೆಯ ಬಾಗಿಲು ತೆಗೆದು ಒಳಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದು. ಮೇಸ್ತ್ರಿ ಕಣ್ಣಿಗೆ ಬಿದ್ದದ್ದು ಆಮೇಲೆ. ಕೆಲಸದ ಮೇಜಿನ ಬುಡದಲ್ಲಿ, ಮರದ ಹೊಟ್ಟಿನ ಮೇಲೆ, ಒಂದು ಕೈಯನ್ನು ಮೈಯಡಿಗೆ ಹಾಕಿಕೊಂಡು ಬಿದ್ದಿದ್ದರು. ಕುತ್ತಿಗೆಯ ಪಕ್ಕ ಆಳವಾದ ಗಾಯ. ಸುತ್ತಲಿನ ಹೊಟ್ಟು ರಕ್ತ ಹೀರಿ ಕಪ್ಪಗೆ ಗಟ್ಟಿಯಾಗಿತ್ತು. ಅವಳು ಮಂಡಿಯೂರಿ ಮಣಿಕಟ್ಟು ಮುಟ್ಟಿದಳು. ತಣ್ಣಗಿತ್ತು. ಜೀವ ಹೋಗಿ ತುಂಬ ಹೊತ್ತಾಗಿತ್ತು.

ಅಯ್ಯೋ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಒಂದು ವರ್ಷದಿಂದ ಅವಳಿಗೆ ಅಂಥದ್ದೇನೂ ಬಾಯಿಗೆ ಬಂದಿರಲಿಲ್ಲ.

ಗಂಡ ಸತ್ತ ಮೇಲೆ ಹೀಗಾಗಿತ್ತು. ಅವನು ಸಭಾಂಗಣದ ಮೇಲಂತಸ್ತಿನಲ್ಲಿ ಮರದ ರೇಲಿಂಗಿಗೆ ಒರಗಿ ಕೆಳಗಿದ್ದ ಯಾರಿಗೋ ಕೈ ಬೀಸುತ್ತಿದ್ದ. ರೇಲಿಂಗ್ ಕಳಚಿಕೊಂಡಿತು. ಜನ ಜಾಸ್ತಿ, ರೇಲಿಂಗ್ ಹಳೆಯದು, ಆಕಸ್ಮಿಕ ಎಂದು ಬರೆದು ಫೈಲು ಮುಚ್ಚಿದರು. ಅವಳು ಅಳಲಿಲ್ಲ. ಮೂರನೇ ವಾರಕ್ಕೆ ಡ್ಯೂಟಿಗೆ ಬಂದಳು. ಗಟ್ಟಿಗಿತ್ತಿ ಅಂತ ಠಾಣೆಯಲ್ಲಿ ಎಲ್ಲರೂ ಹೊಗಳಿದರು. ಗಟ್ಟಿಯೂ ಅಲ್ಲ ಮಣ್ಣೂ ಅಲ್ಲ, ಒಳಗೆ ಮರಗಟ್ಟಿ ಹೋಗಿತ್ತು, ಅಷ್ಟೇ.

ಆಗ ಒಂದು ದಿನ ಈ ಮೇಸ್ತ್ರಿ ತಾವಾಗಿಯೇ ಠಾಣೆಗೆ ಬಂದಿದ್ದರು. "ಅದು ಕಳಚಿದ ಮೇಲೆ ಸಭಾಂಗಣದ ರೇಲಿಂಗ್ ರಿಪೇರಿ ಮಾಡಿದ್ದು ನಾನೇ ಮೇಡಂ. ಭಾನುವಾರ ಒಂದಿಬ್ಬರಿಗೆ ಕೈಗೆಲಸ ಹೇಳಿಕೊಡ್ತೀನಿ. ನೀವೂ ಬನ್ನಿ. ಕೈಗೆ ಕೆಲಸ ಇದ್ರೆ ತಲೆ ಸುಮ್ನಿರತ್ತೆ," ಅಂದಿದ್ದರು. ಪಾಪ, ಮರುಕಪಟ್ಟು ಬಂದಿದ್ದಾರೆ ಅಂದುಕೊಂಡು ಹೋಗಿದ್ದಳು.

ವರ್ಷವಿಡೀ ಅವಳು ಮಾಡಿದ್ದು ಒಂದೇ ಕೆಲಸ. ದಪ್ಪ ಗಾಜಿನ ಹಲಗೆಗೆ ನೀರು ಸವರುವುದು. ಅದರ ಮೇಲೆ ಸ್ಯಾಂಡ್ ಪೇಪರ್ ಹಾಸುವುದು. ನೀರಿಗೆ ಕಾಗದ ಗಾಜಿಗೆ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಉಳಿ ಮಸೆಯುವುದು. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ರೇಷ್ಮೆಯಂಥದ್ದು. ಮೊದಲ ದಿನ ಉಳಿಯನ್ನು ಮುಂದಕ್ಕೆ ತಳ್ಳಿದ್ದಳು. ಅಲಗು ಕಾಗದಕ್ಕೆ ನಾಟಿ ಸರಕ್ಕನೆ ಹರಿದಿತ್ತು. "ಎಳೀರಿ, ತಳ್ಳಬೇಡಿ. ಇದು ಸಾಣೆಕಲ್ಲಲ್ಲ, ಕಾಗದ," ಅಂದಿದ್ದರು ಮೇಸ್ತ್ರಿ.

"ಮರ ಯಾವಾಗ ಕೊಡ್ತೀರಿ?" ಅಂತ ಅವಳು ಆಗಾಗ ಕೇಳುತ್ತಿದ್ದಳು.

"ಇನ್ನೂ ಸ್ವಲ್ಪ ಮಸೀರಿ. ಹರಿತ ಸಾಲದು. ಮರ ಕೊಡೋ ದಿನ ನಿಮ್ಮ ಹತ್ರ ಒಂದು ಮಾತಾಡೋದೂ ಇದೆ."

ಅವಳಿಗೇನು, ಆಗಲಿ ಅಂತ ಮಸೆಯುತ್ತಿದ್ದಳು. ಎಳೆಯುವುದು, ಎತ್ತುವುದು, ಎಳೆಯುವುದು. ಅದಕ್ಕೆ ಏನೂ ಅನ್ನಿಸಬೇಕಾಗಿರಲಿಲ್ಲ. ಆ ಹೊತ್ತು ಮಾತ್ರ ಅವಳಿಗೆ ಹಿತವಾಗಿತ್ತು.

ಈಗ ಆ ಗಾಜಿನ ಮೇಲೆ ಕಾಗದ ಒಣಗಿ ಮೂಲೆಗಳು ಸುರುಟಿಕೊಂಡಿದ್ದವು. ಮೇಸ್ತ್ರಿ ಕೆಲಸ ಮುಗಿದ ಕೂಡಲೇ ಕಾಗದ ಬಿಡಿಸಿ, ಗಾಜು ಒರೆಸಿ, ಗೋಡೆಗೆ ಒರಗಿಸುತ್ತಿದ್ದರು. ಮನೆಗೆ ಬೆಂಕಿ ಬಿದ್ದರೂ ಅವರು ಮೊದಲು ಗಾಜು ಒರೆಸಿಯೇ ಓಡುವವರು.

ಹಾಗಾದರೆ ಕೊನೆಗೆ ಇದರ ಮೇಲೆ ಮಸೆದದ್ದು ಅವರಲ್ಲ. ಅವಳು ಎದ್ದು ನಿಂತು ಠಾಣೆಗೆ ಫೋನ್ ಮಾಡಿದಳು.

* * *

ದಫೇದಾರ ಏದುಸಿರು ಬಿಡುತ್ತ ಬಂದ. ಅವನ ಹೊಟ್ಟೆ ಒಳಗೆ ಬಂದು ಸ್ವಲ್ಪ ಹೊತ್ತಾದ ಮೇಲೆ ಅವನು ಬರುತ್ತಾನೆ ಅಂತ ಠಾಣೆಯಲ್ಲಿ ತಮಾಷೆ. ಆದರೆ ಕಣ್ಣು ಚುರುಕು.

"ಆಯುಧ ಎಲ್ಲಿ ಮೇಡಂ?"

"ಹುಡುಕು."

ಗೋಡೆಯಲ್ಲಿ ಉಳಿಗಳ ಸಾಲು. ಎಲ್ಲ ಶುಭ್ರವಾಗಿ ಹೊಳೆಯುತ್ತಿದ್ದವು. ಒಂದರಲ್ಲೂ ರಕ್ತದ ಕಲೆಯಿಲ್ಲ. ಅವಳು ಮೇಜಿನ ಅಂಚಿನ ಕಬ್ಬಿಣದ ವೈಸ್ ನೋಡಿದಳು. ಮರವನ್ನು ಬಿಗಿಹಿಡಿಯುವ ಅದರ ದವಡೆಯ ಮೇಲೆ ಒಂದು ಹೊಸ ಗೀರು, ಬೆಳ್ಳಗೆ ಮಿನುಗುತ್ತಿತ್ತು.

"ಉಳಿ ಇದಕ್ಕೂ ತಾಗಿದೆ," ಅಂದಳು. "ಕಬ್ಬಿಣಕ್ಕೆ ಹೀಗೆ ತಾಗಿದ್ರೆ ಅಲಗು ಮುಕ್ಕಾಗಲೇಬೇಕು."

"ಮುಕ್ಕಾಗಿರೋ ಉಳಿ ಇಲ್ವಲ್ಲ ಮೇಡಂ."

"ಮಸೆದಿದ್ದಾರೆ. ತೊಳೆದು, ಮುಕ್ಕು ಹೋಗೋ ತನಕ ಮಸೆದು, ಜಾಗದಲ್ಲಿಟ್ಟಿದ್ದಾರೆ. ಅಷ್ಟು ಮಸೆದ್ರೆ ಉಳಿ ಗಿಡ್ಡ ಆಗತ್ತೆ."

ಒಂದೊಂದೇ ಜೋಡಿ ಹಿಡಿದು ನೋಡಿದಳು. ನೀಲಿ ದಾರ ಸುತ್ತಿದ ಹಿಡಿಗಳ ಸಾಲಿನಲ್ಲಿ ಒಂದು ಅಗಲ ಉಳಿ ಉಳಿದವುಗಳಿಗಿಂತ ತುಸು ಗಿಡ್ಡವಿತ್ತು. ಅದರ ಅಲಗಿನ ಇಳಿಜಾರು ನುಣ್ಣಗೆ, ಸಪಾಟಾಗಿ, ಮುಖ ಕಾಣುವ ಹಾಗೆ ಮಿಂಚುತ್ತಿತ್ತು. ಹಿಡಿಯ ಬುಡದ ಕಬ್ಬಿಣದ ಬಳೆಯ ಸಂದಿಗೆ ಸೂಜಿ ಹಾಕಿ ಕೆದಕಿದಳು. ಕಂದು ಪುಡಿ ಬಂತು. ರಕ್ತ.

ನೀಲಿ ದಾರ ಮೇಸ್ತ್ರಿಯ ಮಗಳದ್ದು. ತಾಯಿಯಿಲ್ಲದ ಆ ಹುಡುಗಿ ಅಪ್ಪನ ಜೊತೆಗೇ ಉಳಿ ಹಿಡಿದು ಬೆಳೆದವಳು. ಈಗ ಮದುವೆಯಾಗಿ ಪಕ್ಕದ ಬೀದಿಯಲ್ಲಿ ಮನೆ. ಗಂಡ ಹಡಗಿನ ಕೆಲಸದವನು, ಆರು ತಿಂಗಳಿಗೊಮ್ಮೆ ಬರುವವನು. ಮೂರು ವರ್ಷದ ಮಗಳಿದ್ದಾಳೆ.

"ಮೇಡಂ, ಇಲ್ಲಿ ಯಾರೋ ಮೀಸೆ ಕತ್ತರಿಸಿಕೊಂಡಿದ್ದಾರೆ," ಅಂದ ದಫೇದಾರ. ಗಾಜಿನ ಪಕ್ಕ, ಒಣಗಿದ ಬೂದುಬಣ್ಣದ ರಾಡಿಯಲ್ಲಿ, ಸಣ್ಣ ಸಣ್ಣ ಕಪ್ಪು ಕೂದಲು ಅಂಟಿಕೊಂಡಿತ್ತು. ಅವಳು ಅದನ್ನು ಕವರಿಗೆ ಹಾಕಿಸಿದಳು.

ಕಸದ ಬುಟ್ಟಿಯಲ್ಲಿ ಸವೆದ ಕಾಗದಗಳಿದ್ದವು. ಎಲ್ಲ ಬೂದುಬಣ್ಣಕ್ಕೆ ತಿರುಗಿ ಬೋಳಾಗಿದ್ದವು. ಒಂದು ಮಾತ್ರ ಹೊಸದು. ಅದರ ಮೇಲೆ ಉಗುರು ನಾಟಿದ ಹಾಗೆ ಎರಡು ಕಮಾನು, ಮೂರನೆಯ ಕಡೆ ಉದ್ದಕ್ಕೆ ಹರಿದಿತ್ತು. ಅವಳಿಗೆ ತನ್ನ ಮೊದಲ ದಿನ ನೆನಪಾಯಿತು. ತಳ್ಳಿದ ಕೈಯ ಗುರುತು ಅದು.

ಅಷ್ಟರಲ್ಲಿ ಎದುರು ಅಂಗಡಿಯ ಟೈಲರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದರು. ನಿನ್ನೆ ಮಧ್ಯಾಹ್ನ ಅಪ್ಪ ಮಗಳಿಗೆ ಜೋರು ಜಗಳ. "ನೀವು ಹೇಳದಿದ್ರೆ ನಾನೇ ಹೇಳ್ತೀನಿ ಅಂತ ಆ ಹುಡುಗಿ ಕೂಗಾಡಿದ್ದು ಬೀದಿಗೆಲ್ಲ ಕೇಳಿಸ್ತು. ಸಂಜೆ ನಾನು ಅಂಗಡಿ ಮುಚ್ಚೋ ಹೊತ್ತಿಗೆ ಒಳಗೆ ಮಸೆಯೋ ಸದ್ದು ಬರ್ತಿತ್ತು. ಮೇಸ್ತ್ರಿ ಅಂದ್ಕೊಂಡೆ. ಅವರನ್ನ ಕೊಂದು ಅವರ ಪಕ್ಕದಲ್ಲೇ ಕೂತು ಮಸೀತಿದ್ದರಾ?"

ದಫೇದಾರ ಅವರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋದ.

ದೊಡ್ಡ ಸಾಹೇಬರು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ಉಳಿ ಮಗಳದ್ದು. ಜಗಳ ಮಗಳದ್ದು. ಮಸೆಯೋದಕ್ಕೆ ಬರೋದೂ ಮಗಳಿಗೆ. ಇನ್ನೇನು ಬೇಕು? ಕರ್ಕೊಂಡು ಬನ್ನಿ. ನಾಳೆ ಸಂಜೆ ಕೋರ್ಟಿಗೆ ಹಾಜರುಪಡಿಸೋಣ."

"ಸರ್, ಒಂದು ಕಾಗದ ಹರಿದಿದೆ."

"ಕಾಗದ ಹರಿಯೋದಕ್ಕೇ ಇರೋದಮ್ಮ. ನಾಳೆ ಸಂಜೆ ತನಕ ಟೈಮಿದೆ. ಬೇರೆ ಯಾರಾದ್ರೂ ಇದ್ರೆ ತೋರಿಸಿ, ನಾನು ಬೇಡ ಅನ್ನಲ್ಲ."

ಮಾತು ಸರಿಯಾಗಿಯೇ ಇತ್ತು.

* * *

ಠಾಣೆಯ ಬೆಂಚಿನ ಮೇಲೆ ಮಗಳು ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಇನ್ಸ್‌ಪೆಕ್ಟರ್ ಅವಳನ್ನು ನೋಡಿ ಒಂದು ಕ್ಷಣ ಹೊಟ್ಟೆಕಿಚ್ಚುಪಟ್ಟಳು. ಇವಳಿಗೆ ಅಳಲಾದರೂ ಬರುತ್ತದೆ.

"ಜಗಳ ಯಾಕಾಯ್ತು?"

"ಹೇಳಲ್ಲ."

"ಏನನ್ನ ಹೇಳ್ತೀನಿ ಅಂದಿದ್ದೆ? ಯಾರಿಗೆ?"

ಮಗಳು ಅವಳ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಅಪ್ಪನೇ ಹೋದ ಮೇಲೆ ಅದನ್ನೆಲ್ಲ ಯಾಕೆ ಅಕ್ಕಾ? ಸತ್ತವರನ್ನ ಸಣ್ಣವರನ್ನಾಗಿ ಮಾಡೋ ಮಾತು ನನ್ನ ಬಾಯಲ್ಲಿ ಬರಲ್ಲ."

"ನೀನು ಬಾಯಿ ಬಿಡದಿದ್ರೆ ನಾಳೆ ಜೈಲಿಗೆ ಹೋಗ್ತೀಯ. ಆ ಮಗು ಗತಿ ಏನು?"

"ಟೈಲರಮ್ಮನ ಹತ್ರ ಇದೆ," ಅಂದಳು ಮಗಳು. ಅಷ್ಟು ಹೇಳುವುದರಲ್ಲಿ ದನಿ ಒಡೆದುಹೋಯಿತು. "ಅಮ್ಮ ಯಾವಾಗ ಬರ್ತಾಳೆ ಅಂತ ಕೇಳ್ತಿರತ್ತೆ."

ಇನ್ಸ್‌ಪೆಕ್ಟರ್ ಹೊಸ ಕಾಗದ, ಗಾಜು, ನೀರು ತರಿಸಿದಳು. "ಒಂದು ಉಳಿ ಮಸಿ."

ಮಗಳು ಕಣ್ಣೊರೆಸಿಕೊಂಡು ಯಂತ್ರದ ಹಾಗೆ ಮಸೆದಳು. ಎಳೆದಳು, ಎತ್ತಿದಳು, ಎಳೆದಳು.

"ಈಗ ಮುಂದಕ್ಕೆ ತಳ್ಳು."

"ತಳ್ಳಿದ್ರೆ ಹರಿಯತ್ತಲ್ಲಕ್ಕಾ."

"ತಳ್ಳು."

ತಳ್ಳಲು ಹೋದ ಕೈ ಅರ್ಧಕ್ಕೇ ತಾನಾಗಿ ಮೇಲೆದ್ದಿತು. ಮಗಳಿಗೇ ಆಶ್ಚರ್ಯವಾಯಿತು. ಚಿಕ್ಕಂದಿನಿಂದ ಎಳೆದೇ ರೂಢಿಯಾದ ಕೈ, ಹೇಳಿದರೂ ತಳ್ಳಲಿಲ್ಲ. ಇದನ್ನು ಸಾಹೇಬರಿಗೆ ಹೇಳಿದರೆ ನಗುತ್ತಾರೆ ಅಂತ ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಬೇಕೆಂದೇ ನಾಟಕ ಆಡಿರಬಹುದಲ್ಲ ಎನ್ನುತ್ತಾರೆ. ಅವರ ಜಾಗದಲ್ಲಿದ್ದರೆ ಅವಳೂ ಹಾಗೇ ಎನ್ನುತ್ತಿದ್ದಳು.

* * *

ತಳ್ಳಿ ಕಾಗದ ಹರಿಯುವವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಹಲ್ಲಿನ ಡಾಕ್ಟರು. ಅವರೂ ಭಾನುವಾರದ ಶಿಷ್ಯರು. ಶನಿವಾರ ಸಂಜೆಯೂ ಒಮ್ಮೊಮ್ಮೆ ಬರುವವರು. ವಾರಕ್ಕೆ ಒಂದಾದರೂ ಕಾಗದ ಹರಿಯದೆ ಮನೆಗೆ ಹೋಗುತ್ತಿರಲಿಲ್ಲ. "ಡಾಕ್ಟ್ರೇ, ನಿಮ್ಮ ರೋಗಿಗಳ ಬಾಯನ್ನ ದೇವರೇ ಕಾಯಬೇಕು," ಅಂತ ಮೇಸ್ತ್ರಿ ರೇಗಿಸುತ್ತಿದ್ದರು.

ಡಾಕ್ಟರು ಸುದ್ದಿ ಕೇಳಿ ತಮ್ಮ ರೋಗಿಗಳ ಕುರ್ಚಿಯಲ್ಲೇ ಕುಸಿದು ಕೂತರು.

"ನಿನ್ನೆ ಹೋಗಿದ್ದೆ. ಬೆಳಕಿರೋವಾಗಲೇ ಬಂದುಬಿಟ್ಟೆ. ಮೇಸ್ತ್ರಿ ಇವತ್ತು ಬೇಗ ಹೊರಡಿ, ಯಾರೋ ಬರೋರಿದ್ದಾರೆ ಅಂದ್ರು."

"ಯಾರು?"

"ಹೇಳಲಿಲ್ಲ. ಮುಖ ಸಪ್ಪಗಿತ್ತು."

"ಕಾಗದ ಹರಿದ್ರಾ ನಿನ್ನೆ?"

ಇಂಥ ಹೊತ್ತಿನಲ್ಲೂ ಡಾಕ್ಟರು ನಾಚಿಕೊಂಡರು. "ಎರಡು. ಮೇಸ್ತ್ರಿ ಕಣ್ಣಿಗೆ ಬೀಳದ ಹಾಗೆ ಜೇಬಿಗೆ ಹಾಕ್ಕೊಂಡು ಬಂದೆ."

ದಫೇದಾರ ಅವಳ ಕಿವಿಯ ಹತ್ತಿರ ಬಂದ. "ಮೇಡಂ, ಸಿಕ್ಕಿದ. ಎತ್ತಾಕೋಣ್ವಾ?"

ಅವಳು ಡಾಕ್ಟರಿಗೂ ಗಾಜು, ಕಾಗದ, ಮೊಂಡು ಉಳಿ ಕೊಟ್ಟಳು. ಡಾಕ್ಟರು ತೋಳು ಮಡಚಿದರು. ಮೊಣಕೈತನಕ ಕರಡಿಯ ಹಾಗೆ ಕೂದಲು. ಮೂರನೇ ಉಜ್ಜಿಗೇ ಕಾಗದ ಹರಿಯಿತು. ಅವರು ಇನ್ನೊಂದು ಕಾಗದ ಕೇಳಿ ಅದನ್ನೂ ಹರಿದರು. ಕೊನೆಗೆ ಮಸೆದು ಮುಗಿಸಿದ ಉಳಿಯ ಇಳಿಜಾರು ಸಪಾಟಿರಲಿಲ್ಲ. ಹೊಟ್ಟೆ ಬಂದಿತ್ತು, ದಫೇದಾರನದ್ದರ ಹಾಗೆ.

"ಇವರಲ್ಲ," ಅಂದಳು ಹೊರಗೆ ಬಂದು.

"ಹರಿದ್ರಲ್ಲ ಮೇಡಂ?"

"ಹರಿಯೋದು ಕಲೀದವರ ಗುರುತು. ಆದ್ರೆ ಆ ನೀಲಿ ದಾರದ ಉಳಿ ಮಸೆದಿರೋದು ಜೀವಮಾನವಿಡೀ ಮಸೆದಿರೋ ಕೈ. ಕನ್ನಡಿ ಹಾಗಿದೆ. ಕಾಗದ ಹರಿಯೋ ಅಷ್ಟು ಹೊಸಬ, ಕನ್ನಡಿ ಹಾಗೆ ಮಸೆಯೋ ಅಷ್ಟು ಹಳಬ. ಇಬ್ಬರೂ ಒಬ್ಬನೇ."

ದಫೇದಾರ ತಲೆ ಕೆರೆದುಕೊಂಡ. ಅವಳಿಗೂ ಕೆರೆದುಕೊಳ್ಳಬೇಕು ಅನ್ನಿಸಿತು.

* * *

ಮೇಸ್ತ್ರಿಗೆ ಒಬ್ಬ ತಮ್ಮನಿದ್ದ. ಮರದ ಮೆಟ್ಟಿಲು, ಬಾಗಿಲು ಮಾಡಿಸುವ ಕಾಂಟ್ರಾಕ್ಟರ್. ಅಣ್ಣ ತಮ್ಮಂದಿರ ನಡುವೆ ಮಾತು ಬಿಟ್ಟು ವರ್ಷಗಳಾಗಿದ್ದವು. ಸೋಮವಾರ ಬೆಳಿಗ್ಗೆ ಅವಳು ಅವನ ಕಾರ್ಖಾನೆಗೆ ಹೋದಳು. ಕಾರಣ ದೊಡ್ಡದೇನಲ್ಲ. ಸತ್ತವರ ಕಡೆಯವರನ್ನೆಲ್ಲ ಮಾತಾಡಿಸುವುದು ಪದ್ಧತಿ.

ಒಳಗೆ ಯಂತ್ರಗಳು ಕಿರುಚುತ್ತಿದ್ದವು. ತಮ್ಮ ಒಂದೊಂದನ್ನೇ ನಿಲ್ಲಿಸಿ ಬಂದ. ನೀಟಾದ ಮನುಷ್ಯ. ಬೆವರು ಇಳಿಯುವ ಸೆಕೆಯಲ್ಲೂ ಅಂಗಿಯ ತೋಳಿನ ಗುಂಡಿ ಹಾಕಿಕೊಂಡಿದ್ದ. ಕಣ್ಣು ಕೆಂಪಗಿತ್ತು.

"ನಮ್ಮ ಹುಡುಗಿ ಹಾಗೆ ಮಾಡ್ತಾಳೆ ಅಂದ್ರೆ ನಾನು ನಂಬಲ್ಲ ಮೇಡಂ. ಅವಳನ್ನ ಎತ್ತಿ ಆಡಿಸಿದವನು ನಾನು."

ಆ ಮಾತು ಸುಳ್ಳಿನ ಹಾಗೆ ಕೇಳಲಿಲ್ಲ.

"ಅಣ್ಣನ ಕಾರ್ಖಾನೆಗೆ ಕೊನೇ ಸಲ ಹೋದದ್ದು ಯಾವಾಗ?"

"ಅಪ್ಪ ತೀರಿಕೊಂಡ ವರ್ಷ. ಆಮೇಲೆ ಆ ಹೊಸಿಲು ತುಳಿದಿಲ್ಲ." ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆ ತೋರಿಸಿದ. "ಇದಕ್ಕೇ ಜಗಳ ಆಗಿದ್ದು."

ಪೆಟ್ಟಿಗೆಯಲ್ಲಿ ಸಾಣೆಕಲ್ಲು. ತಲೆಮಾರುಗಳ ಉಜ್ಜಿಗೆ ನಡುವೆ ತಗ್ಗಾಗಿತ್ತು.

"ಅಪ್ಪ ಇದನ್ನ ನನಗೆ ಕೊಟ್ರು. ಅಣ್ಣನಿಗೆ ಸಿಟ್ಟು ಬಂತು. ಕಲ್ಲೇ ಬೇಡ ಅಂತ ಗಾಜು, ಕಾಗದ ಹಿಡ್ಕೊಂಡು ಕೂತ. ಮಕ್ಕಳಾಟ. ನಾನಂತೂ ಆ ಕಾಗದದ ಆಟ ಆಡಿದವನೂ ಅಲ್ಲ, ನೋಡಿದವನೂ ಅಲ್ಲ."

"ಕಲ್ಲಿನ ಮೇಲೆ ಹೇಗೆ ಮಸೀತೀರಿ?"

ತಮ್ಮನ ಮುಖ ಮೊದಲ ಸಲ ಸಡಿಲವಾಯಿತು. ಬರಿಗೈಯನ್ನೇ ಕಲ್ಲಿನ ಮೇಲೆ ಆಡಿಸಿ ತೋರಿಸಿದ. "ತಳ್ಳಬೇಕು ಮೇಡಂ. ಎಲ್ಲಾ ಬಲ ಮುಂದಕ್ಕೆ ತಳ್ಳೋದ್ರಲ್ಲೇ ಇರೋದು. ಅಪ್ಪ ಬೆನ್ನ ಮೇಲೆ ಬಾರಿಸಿ ಕಲಿಸಿದ್ದು."

ಇನ್ಸ್‌ಪೆಕ್ಟರ್ ಆ ಕೈಯನ್ನೇ ನೋಡುತ್ತಿದ್ದಳು. ಅದು ಸಲೀಸಾಗಿ ಮುಂದಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಹಳಬನಲ್ಲಿ ಹೊಸಬ. ಅವಳಿಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ತಣ್ಣಗೆ ಲೆಕ್ಕ ಕೂಡಿತು, ಅಷ್ಟೇ.

ಆದರೆ ಇಷ್ಟರಿಂದ ಏನಾಗುತ್ತದೆ? ಕಲ್ಲಿನಲ್ಲಿ ಕಲಿತವರು ಊರಿನಲ್ಲಿ ಇವನೊಬ್ಬನೇ ಏನಲ್ಲ.

"ಮಧ್ಯಾಹ್ನ ಅಣ್ಣನ ಕಾರ್ಖಾನೆಗೆ ಬನ್ನಿ," ಅಂದಳು. "ನಿಮ್ಮ ತಂದೆಯ ಕಾಲದ ಸಾಮಾನು ಯಾವುದು ಅಂತ ಗುರುತು ಹಿಡೀಬೇಕು. ಮಗಳು ಮಾತಾಡೋ ಸ್ಥಿತಿಯಲ್ಲಿಲ್ಲ."

* * *

ಮಧ್ಯಾಹ್ನ ಕಾರ್ಖಾನೆಯಲ್ಲಿ ನಾಲ್ಕು ಜನ. ಮೂಲೆಯ ಸ್ಟೂಲಿನ ಮೇಲೆ ಮಗಳು. ಬಾಗಿಲಿಗೆ ಅಡ್ಡವಾಗಿ ದಫೇದಾರ, ಅವನು ನಿಂತರೆ ಬಾಗಿಲು ಬೇರೆ ಬೇಡ. ಮೇಜಿನ ಮುಂದೆ ತಮ್ಮ. ದೊಡ್ಡ ಸಾಹೇಬರೂ ಬರುತ್ತೇನೆ ಅಂದಿದ್ದರು, ಇನ್ನೂ ದಾರಿಯಲ್ಲಿದ್ದರು.

ತಮ್ಮ ಒಂದು ಕೀಸುಳಿ, ಎರಡು ಗರಗಸ ಅಪ್ಪನದ್ದು ಅಂತ ಗುರುತು ಹಿಡಿದ. ನೆಲದಲ್ಲಿ ಹೊಟ್ಟು ಗುಡಿಸಿದ್ದ ಜಾಗದ ಕಡೆ ನೋಡಲಿಲ್ಲ.

"ಇನ್ನೊಂದು ಉಪಕಾರ," ಅಂದಳು ಇನ್ಸ್‌ಪೆಕ್ಟರ್. ಮುಕ್ಕಾದ ಒಂದು ಉಳಿ ಕೊಟ್ಟಳು. "ಇಂಥ ಮುಕ್ಕು ತೆಗೆಯೋದಕ್ಕೆ ಎಷ್ಟು ಹೊತ್ತು ಬೇಕು ಅಂತ ಸಾಹೇಬರು ಕೇಳ್ತಿದ್ದಾರೆ. ಮಸೆಯೋದು ಗೊತ್ತಿರೋರು ನೀವೊಬ್ಬರೇ. ಸ್ವಲ್ಪ ಮಸೆದು ತೋರಿಸಿ."

"ಇಲ್ಲಿ ಕಲ್ಲಿಲ್ವಲ್ಲ."

"ಇದೇ ಇರೋದು," ಅಂತ ಗಾಜು, ಒಣ ಕಾಗದ, ಒಂದು ಬಟ್ಟಲು ನೀರು ಮುಂದಿಟ್ಟಳು. ಹೇಗೆ ಮಸೆಯಬೇಕು ಅಂತ ಹೇಳಿಕೊಡಲಿಲ್ಲ.

ತಮ್ಮ ಕೂತ. ಬೆರಳು ಅದ್ದಿ ಗಾಜಿಗೆ ನೀರು ಸವರಿದ. ಕಾಗದ ಹಾಸಿ ಅಂಗೈಯಲ್ಲಿ ಒತ್ತಿದ. ಉಳಿಯ ಇಳಿಜಾರನ್ನು ಸಪಾಟಾಗಿ ಕೂರಿಸಿದ. ಒಂದು ಗಳಿಗೆ ಕೈ ನಿಂತಿತು. ಆಮೇಲೆ ಉಳಿಯನ್ನು ಹಿಂದಕ್ಕೆ ಎಳೆದ. ಎತ್ತಿದ. ಮುಂದಿಟ್ಟು ಮತ್ತೆ ಎಳೆದ. ಸರ್, ಸರ್. ಕಾಗದಕ್ಕೆ ಒಂದು ಗೀರೂ ಬೀಳಲಿಲ್ಲ.

ಮೂಲೆಯಲ್ಲಿ ಮಗಳು ತಲೆಯೆತ್ತಿದಳು. ಮೊದಲು ಅರ್ಥವಾದದ್ದು ಅವಳಿಗೆ.

"ಚಿಕ್ಕಪ್ಪ," ಅಂದಳು ಮೆಲ್ಲಗೆ. "ಎಳೀಬೇಕು ಅಂತ ನಿಮಗೆ ಯಾರು ಹೇಳಿದ್ರು?"

ಕೈ ನಿಂತಿತು.

"ಹೌದು, ಯಾರು ಹೇಳಿದ್ರು?" ಅಂದಳು ಇನ್ಸ್‌ಪೆಕ್ಟರ್. "ಬೆಳಿಗ್ಗೆ ತಳ್ಳಬೇಕು ಅಂದ್ರಿ. ಇದನ್ನ ನೋಡೇ ಇಲ್ಲ ಅಂದ್ರಿ. ನೋಡದವರಾಗಿದ್ರೆ ಈಗ ಕಾಗದ ಹರಿದಿರಬೇಕಿತ್ತು. ನಾನು ಮೊದಲ ದಿನ ಹರಿದೆ. ಡಾಕ್ಟರು ಇವತ್ತಿಗೂ ಹರೀತಾರೆ. ಈ ಕಾಗದ ಹೇಗೆ ಅಂದ್ರೆ, ತಾನೇ ಒಂದು ಸಲ ಹರಿದು ಬುದ್ಧಿ ಕಲಿಸತ್ತೆ. ನಿಮಗೆ ಶನಿವಾರ ಸಂಜೆ ಕಲಿಸಿದೆ."

"ಅಂದಾಜಿನ ಮೇಲೆ—"

"ಅಂಗಿ ತೋಳು ಮಡಚಿ. ಎಡಗೈ."

ಅವನು ಅಲ್ಲಾಡಲಿಲ್ಲ. ದಫೇದಾರ ಬಂದು ಗುಂಡಿ ಬಿಚ್ಚಿದ. ಕಪ್ಪು ಕೂದಲಿನ ನಡುವೆ, ಮುಂಗೈಯ ಮೇಲೆ, ಉಳಿಯ ಅಗಲಕ್ಕೆ ಒಂದು ಪಟ್ಟಿ ಬೋಳಾಗಿತ್ತು. ಆಗಷ್ಟೇ ಚುಕ್ಕಿ ಚುಕ್ಕಿ ಚಿಗುರುತ್ತಿತ್ತು.

"ಹಳೇ ಬಡಗಿಗಳ ಅಭ್ಯಾಸ," ಅಂದಳು ಅವಳು. "ಮಸೆದಾದ ಮೇಲೆ ಹರಿತ ಬಂತಾ ಅಂತ ಕೈಮೇಲಿನ ಕೂದಲು ಬೋಳಿಸಿ ನೋಡ್ತಾರೆ. ಮೇಸ್ತ್ರಿ ಇಲ್ಲಿ ಅದನ್ನ ಯಾರಿಗೂ ಮಾಡೋಕೆ ಬಿಡ್ತಿರಲಿಲ್ಲ. ಉಳಿ ವೈಸಿಗೆ ತಾಗಿ ಮುಕ್ಕಾಯ್ತು. ಮುಕ್ಕು ಉಳಿ ಸಾಲಲ್ಲಿದ್ರೆ ಎಲ್ಲರ ಕಣ್ಣಿಗೆ ಬೀಳತ್ತೆ ಅಂತ ಮಸೆಯೋಕೆ ಕೂತ್ರಿ. ತಳ್ಳಿದ್ರಿ, ಹರೀತು. ಕಾಗದ ಬುಟ್ಟಿಗೆ ಹಾಕಿ, ಬೇರೆ ಹಾಸಿ, ಎಳೆದ್ರಿ. ಮುಗಿದ ಮೇಲೆ ಯೋಚನೇನೇ ಇಲ್ಲದೆ ಕೈಗೆ ಹಿಡಿದು ನೋಡಿದ್ರಿ. ಕೂದಲು ರಾಡಿಯಲ್ಲಿ ಉಳೀತು. ಅದು ನಿಮ್ಮದೇನಾ ಅಂತ ಲ್ಯಾಬಿನವರು ಹೇಳ್ತಾರೆ. ಗಾಜು ಒರೆಸಿ ಇಡೋದು ಈ ಮನೆ ರೂಢಿ. ಅದು ನಿಮಗೆ ಗೊತ್ತಿರಲಿಲ್ಲ."

ತಮ್ಮ ಉಳಿಯನ್ನು ಹುಷಾರಾಗಿ ಗಾಜಿನ ಪಕ್ಕ ಇಟ್ಟ. ಮಗಳ ಕಡೆ ತಿರುಗಿದ.

"ಅದು ನಿನ್ನ ಉಳಿ ಅಂತ ನನಗೆ ಗೊತ್ತಿರಲಿಲ್ಲ ಕಂದಾ. ಮೇಜಿನ ಮೇಲೆ ಕೈಗೆ ಸಿಕ್ಕಿದ್ದು."

"ಯಾಕೆ ಚಿಕ್ಕಪ್ಪ?"

ಅವನು ಉತ್ತರ ಕೊಟ್ಟದ್ದು ಮಗಳಿಗಲ್ಲ. ಇನ್ಸ್‌ಪೆಕ್ಟರಿಗೆ.

"ಸಭಾಂಗಣದ ರೇಲಿಂಗ್ ನನ್ನದು. ದೊಡ್ಡ ಕಂಪನಿ ಹೆಸರಲ್ಲಿ ನಾನು ಮಾಡಿಕೊಟ್ಟಿದ್ದು. ಕಂಬದ ತಲೆಯಲ್ಲಿ ಒಂದು ನಾಲಿಗೆ ಇರತ್ತೆ, ಅದು ಮೇಲಿನ ಅಡ್ಡಪಟ್ಟಿಯ ತೂತಿಗೆ ಆಳವಾಗಿ ಕೂರಬೇಕು. ಯಂತ್ರದಲ್ಲಿ ಅಳತೆ ತಪ್ಪಿತು, ನಾಲಿಗೆಗಳೆಲ್ಲ ಗಿಡ್ಡ ಆದವು. ಹೊಸದು ಮಾಡೋ ವ್ಯವಧಾನ ಇರಲಿಲ್ಲ. ಗೋಂದು ತುಂಬಿ ಮುಚ್ಚಿದೆ. ಹೊರಗಿಂದ ಚೆನ್ನಾಗೇ ಕಾಣ್ತಿತ್ತು." ಅವನು ತೋಳಿನ ಗುಂಡಿ ಮತ್ತೆ ಹಾಕಿಕೊಂಡ. "ರಿಪೇರಿಗೆ ಬಂದ ದಿನವೇ ಅಣ್ಣನಿಗೆ ಗೊತ್ತಾಯ್ತು. ಜೋಡಣೆಯ ಒಳಗೆ ಅಪ್ಪ ಕಲಿಸಿದ ಗುರುತು ಹಾಕಿದ್ದೆ. ಅದು ನಮ್ಮಿಬ್ಬರಿಗೇ ಗೊತ್ತಿದ್ದದ್ದು."

ಮಗಳು ಸ್ಟೂಲಿನಿಂದ ಎದ್ದು ನಿಂತಳು.

"ಒಂದು ವರ್ಷ ಬಾಯಿ ಮುಚ್ಕೊಂಡಿದ್ದ. ಶನಿವಾರ ಹೇಳಿಕಳಿಸಿದ. ನಾಳೆ ಆಕೆಗೆ ಮರ ಕೊಡ್ತೀನಿ, ಇದನ್ನೂ ಹೇಳ್ತೀನಿ, ನೀನೇ ಮೊದಲು ಹೋಗಿ ಒಪ್ಪಿಕೋ ಅಂದ. ಕಾಲು ಹಿಡ್ಕೊಂಡೆ. ಕೇಳಲಿಲ್ಲ. ಆ ಹೆಂಗಸಿನ ಮುಖ ಪ್ರತಿ ಭಾನುವಾರ ನೋಡೋದು ನಾನು, ನೀನಲ್ಲ ಅಂದ. ಆಮೇಲೆ ಏನಾಯ್ತು ಅಂತ ನನಗೇ ಸರಿಯಾಗಿ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಕೇಳಿಸಿಕೊಂಡಳು. ಪ್ರತಿ ಪದವೂ ಅರ್ಥವಾಯಿತು. ಯಾವುದೂ ತಾಗಲಿಲ್ಲ. ಚಳಿಗಾಲದಲ್ಲಿ ಬೆರಳು ಜೋಮು ಹಿಡಿದಾಗ ಪಾತ್ರೆ ಬಿಸಿಯೋ ತಣ್ಣಗೋ ಗೊತ್ತಾಗದಂತೆ. ಹೊರಗೆ ಸಾಹೇಬರ ಜೀಪು ಬಂದು ನಿಂತ ಸದ್ದಾಯಿತು.

"ಮುಂದಿನದನ್ನ ಬೇರೆಯವರು ಬರ್ಕೊಳ್ಳಲಿ," ಅಂದಳು ದಫೇದಾರನಿಗೆ. "ಈ ಕೇಸು ಇನ್ನು ನನ್ನ ಕೈಯಲ್ಲಿರಬಾರದು. ಸಾಹೇಬರಿಗೆ ನಾನೇ ಹೇಳ್ತೀನಿ."

ಸಾಹೇಬರು ಎಲ್ಲ ಕೇಳಿ ಟೋಪಿ ತೆಗೆದರು. ಮಗಳನ್ನು ಬಿಡಿ ಅಂದರು.

* * *

ಎಲ್ಲರೂ ಹೋದ ಮೇಲೆ ಮಗಳು ಅಟ್ಟದಿಂದ ಹಳೆಯ ಬಟ್ಟೆ ಸುತ್ತಿದ ಒಂದು ಗಂಟು ಇಳಿಸಿದಳು. "ಇದೇನು ಅಂತ ಕೇಳಿದ್ರೆ ಅಪ್ಪ ರೇಗ್ತಿದ್ರು."

ರೇಲಿಂಗಿನ ಕಂಬದ ತುಂಡು. ಅದರ ತುದಿಯ ನಾಲಿಗೆ ಬೆರಳಿನ ಒಂದು ಗೆಣ್ಣಿನಷ್ಟೂ ಇರಲಿಲ್ಲ. ಸುತ್ತ ಹಳದಿ ಗೋಂದು ಗಟ್ಟಿಯಾಗಿತ್ತು. ಇನ್ಸ್‌ಪೆಕ್ಟರ್ ಅದನ್ನು ಮುಟ್ಟದೆ ನೋಡಿದಳು. ಇಷ್ಟರ ಮೇಲೆ ಅವಳ ಗಂಡ ಒರಗಿ ಕೈ ಬೀಸಿದ್ದ.

"ಜಗಳ ನಿಮ್ಮ ವಿಷಯಕ್ಕೇ ಅಕ್ಕಾ," ಅಂದಳು ಮಗಳು. "ರೇಲಿಂಗ್ ಕಥೆ ನನಗೆ ಗೊತ್ತಿರಲಿಲ್ಲ, ನನ್ನ ಮಗಳಾಣೆ. ನಿಮ್ಮ ಉಳಿಗೆ ಆರು ತಿಂಗಳ ಹಿಂದೇನೇ ಹರಿತ ಬಂದಿತ್ತು. ಅಪ್ಪ ಸುಳ್ಳು ಹೇಳಿ ಮಸೆಸ್ತಾನೇ ಇದ್ರು. ಪಾಪ, ಅವರನ್ನ ಯಾಕೆ ಆಟ ಆಡಿಸ್ತೀರಿ, ಹರಿತ ಬಂದಿದೆ ಅಂತ ನೀವು ಹೇಳದಿದ್ರೆ ನಾನೇ ಹೇಳ್ತೀನಿ ಅಂದೆ. ಅಷ್ಟೇ. ಅಪ್ಪ ನಿಮಗೆ ಮೋಸ ಮಾಡ್ತಿದ್ರು ಅಂತ ಠಾಣೆಯಲ್ಲಿ ಹೇಗೆ ಹೇಳಲಿ? ನಾನು ಒತ್ತಾಯ ಮಾಡದೇ ಇದ್ದಿದ್ರೆ ಅವರು ಚಿಕ್ಕಪ್ಪನ್ನ ಕರೀತಿರಲಿಲ್ಲ."

"ಕರೀತಿದ್ರು. ಇವತ್ತಲ್ಲ ನಾಳೆ."

"ನಿಜವಾಗ್ಲೂ?"

"ಗೊತ್ತಿಲ್ಲ," ಅಂದಳು ಇನ್ಸ್‌ಪೆಕ್ಟರ್.

ಅವಳು ತನ್ನ ಉಳಿ ತೆಗೆದುಕೊಂಡಳು. ವರ್ಷವಿಡೀ ಮಸೆದದ್ದು. ಕಪಾಟಿನ ಕೆಳಗೆ ಅವಳಿಗೆಂದೇ ಇಟ್ಟಿದ್ದ ಮರದ ತುಂಡಿತ್ತು, ಮೇಲೆ ಧೂಳು. ವೈಸಿಗೆ ಬಿಗಿದಳು. ಉಳಿಯನ್ನು ಮರದ ತಲೆಗಿಟ್ಟು ಮುಂದಕ್ಕೆ ತಳ್ಳಿದಳು. ಮರಕ್ಕೆ ತಳ್ಳಬೇಕು. ಸದ್ದೇ ಇಲ್ಲದೆ ತೆಳ್ಳನೆಯ ಸಿಪ್ಪೆ ಎದ್ದು ಸುರುಳಿಯಾಗಿ ಅವಳ ಮಣಿಕಟ್ಟಿನ ಮೇಲೆ ಬಿತ್ತು.

ಹರಿತ ಯಾವತ್ತೋ ಬಂದಿತ್ತು. ಧೈರ್ಯ ಬರದೇ ಇದ್ದದ್ದು ಮೇಸ್ತ್ರಿಗೆ. ಅವರು ಭಾನುವಾರ ಭಾನುವಾರ ಅವಳನ್ನು ಎದುರಿಗೆ ಕೂರಿಸಿಕೊಂಡು, ತಮ್ಮನ ಹೆಸರನ್ನು ನುಂಗಿಕೊಂಡು, ಇನ್ನೂ ಸ್ವಲ್ಪ ಮಸೀರಿ ಅಂದಿದ್ದರು. ಅವಳನ್ನು ಆ ವರ್ಷ ದಾಟಿಸಿದವರೂ ಅವರೇ, ಆ ವರ್ಷ ಅವಳಿಂದ ಸತ್ಯ ಮುಚ್ಚಿಟ್ಟವರೂ ಅವರೇ. ಸಿಟ್ಟು ಮಾಡಿಕೊಳ್ಳೋಣ ಅಂದುಕೊಂಡಳು. ಅಳೋಣ ಅಂದುಕೊಂಡಳು. ಎರಡೂ ಬರಲಿಲ್ಲ. ಇನ್ನೊಂದು ಸಿಪ್ಪೆ ತೆಗೆದಳು. ಇನ್ನೊಂದು. ಸಿಪ್ಪೆಗಳು ಅವಳ ಪಾದದ ಸುತ್ತ ಬೀಳುತ್ತಲೇ ಇದ್ದವು. ಎಷ್ಟು ಹೊತ್ತಾಯಿತೋ, ಮಗಳು ಬಂದು ಅವಳ ಕೈ ಹಿಡಿದು ನಿಲ್ಲಿಸಿದಳು.

"ಸಾಕು ಅಕ್ಕಾ. ಮರ ಒದ್ದೆ ಆಗ್ತಿದೆ."

ಇನ್ಸ್‌ಪೆಕ್ಟರ್ ಕೆನ್ನೆ ಮುಟ್ಟಿ ನೋಡಿಕೊಂಡಳು. ಹೌದು. ಯಾವಾಗ ಶುರುವಾಯಿತು ಅಂತ ಅವಳಿಗೆ ತಿಳಿದಿರಲಿಲ್ಲ.

ಮಗಳು ಗಾಜಿನ ಮೇಲಿನ ಕಾಗದ ಬಿಡಿಸಿದಳು. ಇನ್ಸ್‌ಪೆಕ್ಟರ್ ಗಾಜು ಒರೆಸಿ ಗೋಡೆಗೆ ಒರಗಿಸಿದಳು. ಆಮೇಲೆ ಇಬ್ಬರೂ ಟೈಲರಮ್ಮನ ಅಂಗಡಿಗೆ ಹೋಗಿ ಮಗುವನ್ನು ಕರೆದುಕೊಂಡರು.